ಮೂಗಿನ ಸ್ವರ

ಜೂನ್ ತಿಂಗಳ ಮೊದಲ ಸ್ಟಾಫ್ ಮೀಟಿಂಗು.
ಸಿಸ್ಟರ್ ಒಡಿಲಾ ಕನ್ನಡಕ ಒರೆಸುತ್ತ ಅಂದರು:
"ಕೊಪ್ಪದ ಟೀಚರಿಗೆ ಹೇಗೂ ನಾಲ್ಕು ಭಾಷೆ ಬರುತ್ತವೆ,
ಐದನೆಯದನ್ನೂ ಅವರೇ ನೋಡಿಕೊಳ್ಳಲಿ."
ಕೊಂಕಣಿ, ಮರಾಠಿ, ಹಿಂದಿ, ಇಂಗ್ಲಿಷು.
ಮನೆಯದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ.
ನಾನೂ ತಿದ್ದಲಿಲ್ಲ.

ಹೀಗೆ ನಾನು, ವಾಸ್ಕೋದ ಮಾಂಗೋರ್ ಗುಡ್ಡದ ಮೇಲೆ,
ಪ್ರೈಮರಿ ಶಾಲೆಯೊಂದರ ಪೋರ್ಚುಗೀಸ್ ವಿಭಾಗದ ಮುಖ್ಯಸ್ಥೆ.
ವಿಭಾಗವೆಂದರೆ ಕಪಾಟಿನ ತೀರ ಕೆಳಗಿನ ಒಂದು ಖಾನೆ,
ಗೆದ್ದಲು ಮೂಸಿ ಬಿಟ್ಟ ಹದಿನಾಲ್ಕು ಪುಸ್ತಕ,
ಒಂದೇ ಕಿವಿಗೆ ಮಾತಾಡುವ ಸ್ಪೀಕರು,
ಡ್ರಾಯಿಂಗಿನ ಸುಲಕ್ಷಾ, ಪಿ.ಟಿ.ಯ ಬರ್ನಾಡೆಟ್.
ಇಬ್ಬರಿಗೂ ಖಾಲಿ ಪೀರಿಯಡ್ ಇದ್ದದ್ದೇ ಅರ್ಹತೆ.

ಸಂಜೆ ಅವೆಲಿನೊ ಅಜ್ಜನ ಮನೆ ಮುಂದಿನ ಕಲ್ಲುಬೆಂಚಿನಲ್ಲಿ ನನ್ನ ಪಾಠ.
"ಬಾಯಿಗೆ ಅರ್ಧ, ಮೂಗಿಗೆ ಅರ್ಧ" ಎನ್ನುತ್ತಿದ್ದ
ಆಸ್ತಿ ಪಾಲು ಮಾಡುವವನ ಹಾಗೆ.
"ನಿನ್ನದು ಪೂರ್ತಿ ಬಾಯಿ. ನಿನಗೊಂದು ನೆಗಡಿ ಬರಬೇಕು ಮಗಳೆ,
ಒಳ್ಳೆ ಗಟ್ಟಿ ನೆಗಡಿ."

ರಾತ್ರಿ ಕಲಿತದ್ದನ್ನು ಬೆಳಿಗ್ಗೆ ಏಳೂವರೆಗೆ ಇಬ್ಬರಿಗೆ ಬಡಿಸಿ,
ಅವರು ಒಂಬತ್ತಕ್ಕೆ ಮಕ್ಕಳಿಗೆ ಬಡಿಸಿ,
ಪಂಕ್ತಿಯ ಕೊನೆಗೆ ಬರುವ ಸಾರಿನ ಹಾಗೆ
ನೀರಾಗಿಯೇ ತಲುಪುತ್ತಿತ್ತು ಭಾಷೆ.
ಒಂದು ದಿನ ಬರ್ನಾಡೆಟ್ ಸೀಟಿ ಕೊರಳಿಂದ ತೆಗೆಯದೆ ಕೇಳಿದಳು:
"ನನ್ನ ಅಜ್ಜಿಯ ಅಜ್ಜಿಗೆ ಈ ಭಾಷೆಯಲ್ಲೇ ಬೈದರಂತೆ.
ಈಗ ನಾನು ಇದರಲ್ಲಿ ಬಣ್ಣಗಳ ಹೆಸರು ಕಲಿಸಬೇಕಾ?"
ಮುಖ್ಯಸ್ಥೆಯ ಫೈಲಿನಲ್ಲಿ ಉತ್ತರ ಇರಲಿಲ್ಲ.
ಅವಳಿಗೆ ಬರೀ ಹಾಡು ಕೊಟ್ಟೆ,
ಕ್ರಿಯಾಪದಗಳನ್ನು ನಾನೇ ಇಟ್ಟುಕೊಂಡೆ.

ಗೇಟಿನಲ್ಲಿ ಇನ್ನೊಂದು ದಿನ, ಪೀರಪ್ಪನ ತಾಯಿ,
ಸಿಮೆಂಟಿನ ಕೈ ಸೆರಗಿಗೆ ಒರೆಸುತ್ತ ಆಯಾಳ ಮುಂದೆ:
"ಕೊಂಕಣಿನ ಈಗ ಒಂದಿಷ್ಟು ಹಿಡದಾನವ್ವಾ ನಮ್ಮ ಹುಡುಗ.
ಅದೂ ಪರದೇಶದ್ದ ಅಲ್ಲೇನು? ಮತ್ತ ಇದ್ಯಾವುದು?"
ಬಾದಾಮಿ ಕಡೆಯ ಮಾತು.
ಎಲ್ಲ ಕೇಳಿಸಿತು.
ಕೇಳಿಸದವಳ ಹಾಗೆ ಕೊಡೆ ಬಿಚ್ಚಿಕೊಂಡು ದಾಟಿ ಹೋದೆ.

ತಪಾಸಣೆಯ ದಿನ. ಮೂರನೇ ಬಿ.
ಹಿಂದಿನ ಬೆಂಚಿನಲ್ಲಿ ಪಣಜಿಯಿಂದ ಬಂದ ಅಧಿಕಾರಿ,
ಮಂಡಿ ಗದ್ದಕ್ಕೆ ತಾಗಿಸಿ ಕೂತಿದ್ದಾರೆ.
ಬೋರ್ಡಿನ ಮೇಲೆ ಒಂದು ಪದ ಬರೆದೆ,
ಅದರ ನೆತ್ತಿಯ ಮೇಲೆ ಎರೆಹುಳದಂಥ ಗೆರೆ.
"ನಾಂವ್. ನಾಂವ್ ಅಂದರೆ 'ಇಲ್ಲ'."

"ಅಲ್ಲ ಟೀಚರ್, ನಾಂವ್ ಅಂದರೆ ಹೆಸರು" ಎಂದಳು ಲವೀನಾ,
"ಎಲ್ಲರಿಗೂ ಒಂದು ಇರುತ್ತೆ."
ಸರಿಯೇ. ಕೊಂಕಣಿಯಲ್ಲಿ ಅದು ಹೆಸರೇ.
ಆಗ ಕಿಟಕಿ ಪಕ್ಕದಿಂದ, ಇಡೀ ವರ್ಷ ಬಾಯಿ ತೆರೆಯದ,
ಜುಲೈಯಿಂದ ಮೂಗು ಕಟ್ಟಿಯೇ ಇದ್ದ ಪೀರಪ್ಪ ಎದ್ದು ನಿಂತ:
"ನಾಂವು ಅಂದ್ರ ನಾಂವರಿ.
ನಾನು, ನಮ್ಮವ್ವ, ನಮ್ಮ ತಂಗಿ. ಎಲ್ಲಾರೂ."

ಅವೆಲಿನೊ ಅಜ್ಜ ಬಯಸಿದ ಸ್ವರ ಅದು.
ಬಾಯಿಗೆ ಅರ್ಧ, ಮೂಗಿಗೆ ಅರ್ಧ, ಒಂದು ಗುಂಜಿ ಹೆಚ್ಚಿಲ್ಲ.
ಯಾರಿಗೂ ತಿಳಿಯದೆ ತರಗತಿ ನಕ್ಕಿತು.
ನಾನು ನಗಲಿಲ್ಲ, ಅದನ್ನವನು ನೋಡಿಬಿಟ್ಟ.
"ಅಕ್ಕೋರ, ನಿಮಗ ತಿಳೀತೇನ್ರಿ? ನೀವೂ ನಮ್ಮವ್ರೇನ್ರಿ?"

ಬೆನ್ನ ಹಿಂದೆ, ಬೋರ್ಡಿನ ಮೇಲೆ,
'ಇಲ್ಲ' ಎಂದು ನಾನೇ ಬರೆದದ್ದು ಇತ್ತು,
ಸೀಮೆಸುಣ್ಣ ಇನ್ನೂ ಉದುರುತ್ತಿತ್ತು.
"ಹೌದಪ್ಪಾ" ಅಂದೆ.
ಏಳು ವರ್ಷದಲ್ಲಿ ಆ ಗೋಡೆಗಳು ನನ್ನಿಂದ ಕೇಳಿರದ ಮಾತು.
ಅಧಿಕಾರಿ ಪೆನ್ನು ಎತ್ತಿ, ಯಾವ ಭಾಷೆ ಎಂದು ತಿಳಿಯದೆ,
ಮತ್ತೆ ಇಳಿಸಿದರು.

ಸಂಜೆ ವರದಿಯ ಫಾರಮ್ಮು.
ಈ ಅವಧಿಯಲ್ಲಿ ಕಲಿತ ಪದಗಳು, ಗುರಿ ನಲವತ್ತು.
ಒಂದು ಎಂದು ಬರೆದೆ. ಹೊಡೆದುಹಾಕಿ ಮೂರು ಎಂದೆ.
ಅದನ್ನೂ ಹೊಡೆದು, ಸಿಸ್ಟರ್ ಹೇಳಿದ ಮೂವತ್ತೆಂಟು ತುಂಬಿದೆ.
ಕೆಳಗೆ ಗೇಟಿನ ಹತ್ತಿರ ಪೀರಪ್ಪ
ತಂಗಿಯ ಮೂಗನ್ನು ಎರಡು ಬೆರಳಲ್ಲಿ ಹಿಡಿದಿದ್ದ:
"ಹಂಗಲ್ಲ. ಬಿಡಬ್ಯಾಡ. ಹಾಂ, ಈಗ ಅನ್ನು."